ಇರಲಿ ಎಂದು ಐದು ನಾಟ್

ಈ ಬೆಳಿಗ್ಗೆ ಇಬ್ಬರಿಗೆಂದು ಅನ್ನಕ್ಕಿಡುವಾಗ ನನ್ನ ಕೈ ತಾನಾಗಿ ಡಬ್ಬಕ್ಕೆ ಹೋಗಿ ಇನ್ನೊಂದು ಹಿಡಿ ಅಕ್ಕಿ ತಂದು ಹಾಕಿತು. ಇರಲಿ ಎಂದು. ನೀವೂ ಹಾಕುತ್ತೀರಿ, ಇಲ್ಲವೆನ್ನಬೇಡಿ. ನಮ್ಮ ಮನೆಯಲ್ಲಂತೂ ಅದು ಕುಲಧರ್ಮ. ವಿಶಾಖಪಟ್ಟಣದ ಕಾರ್ಖಾನೆಯಲ್ಲಿ ಎಂಜಿನಿಯರಾಗಿದ್ದ ತುಮಕೂರಿನ ನಮ್ಮಪ್ಪ, ರೈಲಿಗೆ ಎರಡು ಗಂಟೆ ಮುಂಚೆ ಹೋಗಿ ಟ್ರಂಕಿನ ಮೇಲೆ ಕೂರುವವರು. ಅಂಥವರ ಮಗಳು ನಾನು, ಹೋಗಿ ಹೋಗಿ ವಿಮಾನ ಕಲಿಯಲು ಹೊರಟೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಬ್ಯಾಂಕಿನ ವರ್ಗಾವಣೆಯ ಮೇಲೆ ವಿಜಯವಾಡಕ್ಕೆ ಬಂದಿದ್ದ ಚಿಕ್ಕಪ್ಪನ ಮನೆ ಭವಾನಿಪುರದಲ್ಲಿತ್ತು. ಅಲ್ಲಿದ್ದುಕೊಂಡು ಊರಾಚೆಯ ಸಣ್ಣ ಕ್ಲಬ್ಬೊಂದರಲ್ಲಿ ಎರಡು ಸೀಟಿನ ವಿಮಾನ ಹಾರಿಸುತ್ತಿದ್ದೆ. ಹಾರುವುದು ಬಂತು. ಚಿಕ್ಕ ಜಾಗದಲ್ಲಿ ಇಳಿಸುವುದು ಮಾತ್ರ ಬರಲೊಲ್ಲದು. ರನ್‌ವೇ ಮೇಲೆ ಸುಣ್ಣದಲ್ಲಿ ಎರಡು ಗೆರೆ ಎಳೆದಿರುತ್ತಿದ್ದರು. ಚಕ್ರ ಅವುಗಳ ನಡುವೆಯೇ ನೆಲ ಮುಟ್ಟಬೇಕು. ನನ್ನ ವಿಮಾನವೋ, ನೆಲದಿಂದ ಮೊಳದೆತ್ತರದಲ್ಲಿ ತೇಲುತ್ತಾ ಎರಡನೆಯ ಗೆರೆಯನ್ನೂ ದಾಟಿ ಹೋಗಿಬಿಡುತ್ತಿತ್ತು. ಇದೇ ಕಾರಣಕ್ಕೆ ಒಮ್ಮೆ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಇನ್ನೊಮ್ಮೆ ಫೇಲಾದರೆ ಹಾರಾಟ ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಾಗಿತ್ತು.

ಕಲಿಸುತ್ತಿದ್ದವರು ಧಾರವಾಡದ ಕಡೆಯ ಪಾಟೀಲ ಸರ್. ಒಂದು ದಿನ ಇಳಿದ ಮೇಲೆ ಕೇಳಿದರು, "ಎಷ್ಟ ವೇಗ ಹಿಡಿ ಅಂತ ಹೇಳಿದ್ದೆ ನಾ?"

"ಐವತ್ತನಾಲ್ಕು ನಾಟ್, ಸರ್."

"ನೀ ಎಷ್ಟ ಹಿಡದಿದ್ದಿ?"

"ಐವತ್ತೊಂಬತ್ತು. ಐದು ಜಾಸ್ತಿ ಇರಲಿ ಅಂತ..."

ಅವರು ಹಣೆ ಚಚ್ಚಿಕೊಂಡರು. "ಯವ್ವಾ, ಇರ್ಲಿ ಅಂತ ಎತ್ತಿಡಾಕ ಇದೇನ ಉಪ್ಪಿನಕಾಯೇನ? ಆ ಐದೂ ಖರ್ಚ ಆಗೂತನಕ ವಿಮಾನ ಕೆಳಗ ಕೂಡೂದಿಲ್ಲ!"

ಹೆಚ್ಚಿದ್ದರೆ ಕ್ಷೇಮ ಎಂದು ಹುಟ್ಟಿದಾಗಿನಿಂದ ನಂಬಿದವಳಿಗೆ, ಹೆಚ್ಚಾದದ್ದೇ ಅಪಾಯವಾಗುವ ಜಾಗವೊಂದು ಲೋಕದಲ್ಲಿದೆ ಎಂಬುದೇ ಸೋಜಿಗವಾಯಿತು. ಅಂದಿನಿಂದ ಅದೇ ಗುಂಗು. ರೆಕ್ಕೆಯ ಫ್ಲ್ಯಾಪ್ ಪೂರ್ತಿ ಇಳಿಸಬೇಕು. ಮೂತಿ ಎತ್ತಿ ಬಗ್ಗಿಸಿ ವೇಗ ಹಿಡಿಯಬೇಕು, ಎಂಜಿನ್ನಿನಿಂದ ಇಳಿತ ಹಿಡಿಯಬೇಕು. ಕಣ್ಣು ಮೊದಲ ಗೆರೆಗಿಂತ ತುಸು ಈಚೆಗಿರಬೇಕು. ನಯವಾಗಿ ಕೂರಿಸುವ ಆಸೆ ಬೇಡ, ದಪ್ಪೆಂದು ಕೂತರೂ ಸರಿ, ಆಮೇಲೆ ಬ್ರೇಕ್. ಊಟದ ಮೇಜಿನ ಮೇಲೆ ಚಮಚವನ್ನು ಹೀಗೆ ಇಳಿಸಿ ಇಳಿಸಿ ನೋಡುತ್ತಿದ್ದರೆ ಚಿಕ್ಕಮ್ಮ, "ಮೊದಲು ಹುಳಿ ಬಡಿಸ್ಕೊಳ್ಳೇ, ಆಮೇಲೆ ಇಳಿಸುವೆಯಂತೆ" ಎನ್ನುತ್ತಿದ್ದರು.

ಮರುಪರೀಕ್ಷೆ ಶುಕ್ರವಾರಕ್ಕಿತ್ತು. ಅಪ್ಪ ಅವತ್ತು ಬೆಳಿಗ್ಗೆ ಬರುತ್ತೇನೆಂದಿದ್ದರು. ಆದರೆ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಮಳೆ ಹಿಡಿಯುವ ಮೊದಲು ಮುಗಿಸಿಬಿಡೋಣ ಎಂದು ಪರೀಕ್ಷಕರು ಗುರುವಾರವೇ ನನ್ನನ್ನು ವಿಮಾನ ಹತ್ತಿಸಿದರು. ಗೆರೆ ಕಂಡಿತು. ಐವತ್ತನಾಲ್ಕು. ಮೂತಿ ಒಂಚೂರು ಬಗ್ಗಿಸಿ ಐದು ಸೇರಿಸು ಎಂದು ಎಡಗೈ ಗೋಗರೆಯುತ್ತಿತ್ತು. ಸೇರಿಸಲಿಲ್ಲ. ವಿಮಾನ ಎರಡು ಗೆರೆಗಳ ನಡುವೆ ದಪ್ಪೆಂದು ಕೂತು, ಒಂದಿಷ್ಟು ಓಡಿ ನಿಂತಿತು.

ಪಾಸಾದೆನೆಂದು ಕೇಳಿ ಹೊರಗೆ ಬಂದರೆ, ಬೇಲಿಯಾಚೆ ಕೈಚೀಲ ಹಿಡಿದು ಅಪ್ಪ ನಿಂತಿದ್ದಾರೆ!

"ನೀವು ನಾಳೆ ಅಲ್ವಾ ಬರಬೇಕಾಗಿದ್ದು?"

"ಒಂದು ದಿನ ಮುಂಚೆ ಇರಲಿ ಅಂತ ಬಂದೆ. ನಿಮ್ಮ ಚಿಕ್ಕಮ್ಮ ಇಲ್ಲಿಗೆ ಕಳಿಸಿದ್ಳು."

"ನೋಡಿದ್ರಾ, ಹೇಗೆ ಇಳಿಸಿದೆ?"

ಅಪ್ಪ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ಇಲ್ಲಮ್ಮ. ಕಣ್ಣು ಮುಚ್ಕೊಂಡಿದ್ದೆ."

ಅಷ್ಟು ದಿನ ಆ 'ಇರಲಿ'ಯನ್ನು ಬೈದುಕೊಂಡು ತಿರುಗಿದವಳಿಗೆ ಅಲ್ಲೇ ಅಳು ಬಂತು.

ಈಗ ನಾನೇ ಕಲಿಸುತ್ತೇನೆ. ಶಿಷ್ಯರು ಒಂದೇ ಒಂದು ನಾಟ್ ಹೆಚ್ಚಿಗೆ ಹಿಡಿದರೂ ಮುಖ ಮೂತಿ ನೋಡದೆ ಬೈಯುತ್ತೇನೆ. ಆದರೆ ಪರೀಕ್ಷೆಯ ದಿನ ಯಾರದಾದರೂ ಅಪ್ಪ ಹೊತ್ತಿಗೆ ಮುಂಚೆಯೇ ಬಂದು ಬೇಲಿ ಹಿಡಿದು ನಿಂತಿದ್ದರೆ, ಒಳಗಿನಿಂದ ನಾನೇ ಒಂದು ಕುರ್ಚಿ ಹೊತ್ತು ತಂದು ಹಾಕುತ್ತೇನೆ, ರನ್‌ವೇಗೆ ಬೆನ್ನು ಮಾಡಿ.