ಟೆಸ್ಟ್ ಪೇಜಿನ ಹಿಂಬದಿ

ಗುರುಪಾದಪ್ಪನವರು ಒಂದು ಸಲ ಬಂದು ಹೋಗಲು ಕೇಳಿದ್ದು ಮುನ್ನೂರು ರೂಪಾಯಿ. ನಾನು ಇನ್ನೂರಕ್ಕೆ ಇಳಿಸಿದೆ. ಕಾರಣವಿತ್ತು. ಕೆಟ್ಟ ಪ್ರಿಂಟರ್ ನೋಡಲು ಬಂದ ಮನುಷ್ಯ ಮೊದಲ ಹದಿನೈದು ನಿಮಿಷ ಅದನ್ನು ಮುಟ್ಟಲೇ ಇಲ್ಲ. ಕೌಂಟರಿನ ಹುಡುಗಿಯನ್ನು ಎಬ್ಬಿಸಿ, ಅವಳ ಕುರ್ಚಿಯಲ್ಲಿ ತಾವು ಕೂತು, "ನೀ ದಿನಾ ಏನೇನ್ ಒತ್ತತೀಯೋ ಹಂಗ ಹೇಳವಾ, ನಾ ಒತ್ತತೇನಿ" ಎಂದರು.

"ಕೂತ್ಕೊಳ್ಳೋದಕ್ಕೂ ದುಡ್ಡೇನ್ರೀ?" ಎಂದೆ.

"ಇದು ಬಾಯಿಲ್ಲದ ರೋಗಿ ಐತ್ರಿ ಸಾಹೇಬ್ರ. ಮಗ್ಗಲಾಗ ಇದ್ದವರನ್ನ ಕೇಳಬೇಕಾಗ್ತೇತಿ."

ಆಗ ಜಯನಗರದಲ್ಲಿ ನನ್ನದೊಂದು ರಕ್ತಪರೀಕ್ಷೆಯ ಲ್ಯಾಬ್. ಬಾಟಲಿ ತೊಳೆಯುವ ಕೆಲಸದಿಂದ ಶುರುಮಾಡಿ ನಾನೇ ಕಟ್ಟಿದ್ದು. ಬನಶಂಕರಿಯಲ್ಲೊಂದು, ಗೊಟ್ಟಿಗೆರೆಯಲ್ಲೊಂದು ಕೌಂಟರ್ ತೆರೆದಿದ್ದೆ. ಮೂರೂ ಕಡೆಗೆ ಹೊಸ ಕಂಪ್ಯೂಟರ್ ಯಾರು ಕೊಡಿಸುತ್ತಾರೆ? ಜಯನಗರದಲ್ಲಿ ಒಂದೇ ಒಂದು ಸರ್ವರ್ ಇಟ್ಟೆ. ಉಳಿದೆರಡು ಕಡೆಯ ಹುಡುಗಿಯರು ಹಳೆಯ ಡಬ್ಬಗಳಿಂದಲೇ ಅದರೊಳಗೆ ಲಾಗಿನ್ ಆಗಿ ಕೆಲಸ ಮಾಡುತ್ತಿದ್ದರು. ಕೆಲಸವೆಲ್ಲ ಜಯನಗರದ ಯಂತ್ರದೊಳಗೆ, ಕಾಗದ ಮಾತ್ರ ಅವರವರ ಪ್ರಿಂಟರಿನಲ್ಲಿ ಬರಬೇಕು. ಹೇಳುವಷ್ಟು ಸುಲಭವಾಗಿ ಅದು ಬರುತ್ತಿರಲಿಲ್ಲ. ಹಾಗಾಗಿ ಗುರುಪಾದಪ್ಪ ಬಂದರು.

ಗದಗಿನ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಒಂದು ಹಳೆ ಮೊಪೆಡ್. ರಿಪೇರಿ ಮುಗಿದ ಮೇಲೆ ಒಂದು ಟೆಸ್ಟ್ ಪೇಜ್ ತೆಗೆದು, ಅದರ ಹಿಂಬದಿಯಲ್ಲಿ ತಾರೀಕು, ಏನು ಕೆಟ್ಟಿತ್ತು, ಏನು ಮಾಡಿದೆ ಎಂದು ದುಂಡಗೆ ಬರೆದು, ನಾಲ್ಕಾಗಿ ಮಡಿಸಿ ಪ್ರಿಂಟರಿನ ಅಡಿಗೆ ತೂರಿಸುತ್ತಿದ್ದರು.

"ಹಾಳೆ ನಂದು, ಸಾಹಿತ್ಯ ನಿಮ್ದು," ಎಂದು ನಾನು ರೇಗಿಸುತ್ತಿದ್ದೆ.

"ನಾಳೆ ನಾ ಬರಲಿಲ್ಲಂದ್ರ, ಬಂದಾವಗ ಗೊತ್ತಾಗಬೇಕಲ್ರೀ."

ಒಂದು ಪ್ರಿಂಟರಿಗೆ ಕಳಿಸಿದ ಕೆಲಸ ಸಿಕ್ಕಿಕೊಂಡರೆ ಸರ್ವರಿನಲ್ಲಿ ಪ್ರಿಂಟಿಗೆ ಕಾದಿದ್ದ ಮೂರೂ ಕಡೆಯ ಕೆಲಸಗಳ ಸಾಲು ನಿಂತುಬಿಡುತ್ತಿತ್ತು. ಆ ಸಾಲನ್ನು ನಿಲ್ಲಿಸಿ ಮತ್ತೆ ಹೊರಡಿಸುವ ಮೊದಲು ಅವರು ಎರಡೂ ಕೌಂಟರಿಗೆ ಫೋನ್ ಮಾಡುತ್ತಿದ್ದರು: "ಎಲ್ಲಾರೂ ಕೈ ಎತ್ರಿ! ನಾ ಹೇಳೂತನಕ ಯಾರೂ ಪ್ರಿಂಟ್ ಒತ್ತಬ್ಯಾಡ್ರಿ."

ಬನಶಂಕರಿಯ ರೇಖಾ ನಗುತ್ತಿದ್ದಳು: "ಎರಡೂ ಎತ್ತಿದೀನಿ ಅಂಕಲ್, ಫೋನು ಹೆಗಲ ಮೇಲಿದೆ. ಕುತ್ತಿಗೆ ನೋಯ್ತಿದೆ, ಬೇಗ ಮಾಡಿ!"

ಒಂದು ದಿನ ಅವರು ನನ್ನನ್ನು ಕೂರಿಸಿಕೊಂಡು ಗಂಭೀರವಾಗಿ ಲಾಗಿನ್ ಹೆಸರಿನ ಮಾತೆತ್ತಿದರು. ಸಾಫ್ಟ್‌ವೇರ್ ಕೊಟ್ಟವನು ಲಾಗಿನ್ ಹೆಸರಿಗೆ ಇಷ್ಟು ಎಂದು ಹಣ ಕೇಳಿದ್ದ. ನಾನು ಚೌಕಾಸಿ ಮಾಡಿ ಎರಡೂ ಕೌಂಟರಿಗೆ ಸೇರಿಸಿ ಒಂದೇ ಹೆಸರು ತೆಗೆದುಕೊಂಡಿದ್ದೆ. ಅದು ನನ್ನ ಜಾಣತನವೆಂದು ಊರಿಗೆಲ್ಲ ಹೇಳಿಕೊಂಡಿದ್ದೆ.

"ಯಂತ್ರಕ್ಕ ಆ ಇಬ್ರೂ ಹುಡುಗ್ಯಾರು ಒಬ್ಬಾಕಿ ಇದ್ದಂಗ ರೀ. ಕಡೀಕ ಯಾರು ಪ್ರಿಂಟರ್ ಆರಿಸಿದ್ರೋ, ಅದನ್ನ ನೆನಪಿಟ್ಕೋತೇತಿ. ಗೊಟ್ಟಿಗೆರ‍್ಯಾಕಿ ತನ್ನದು ಆರಿಸಿದ್ಲಂದ್ರ ಬನಶಂಕರಿ ಕಾಗದಾನೂ ಅಲ್ಲೇ ಹೋಗ್ತೇತಿ. ಇದು ರಕ್ತದ ಕೆಲಸ ಐತ್ರಿ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಡಸ್ರಿ."

"ಸದ್ಯಕ್ಕೆ ಬೇಡ ಬಿಡಿ. ಒತ್ತೋ ಮುಂಚೆ ನೋಡಿ ಒತ್ತಿ ಅಂತ ಹುಡುಗೀರಿಗೆ ಹೇಳಿದ್ರಾಯ್ತು," ಎಂದೆ.

ಯಾವ ಪ್ರಿಂಟರ್ ಎಂದು ನೋಡಿ ಒತ್ತಿ ಎಂಬ ಚೀಟಿಯನ್ನು ಮಾನಿಟರಿನ ಮೇಲೆ ಅಂಟಿಸಿ ಹೋದರು. ಜನ ಕಡಿಮೆ ಇದ್ದ ದಿನ ರೇಖಾ ನೋಡಿ ಒತ್ತುತ್ತಿದ್ದಳು. ಸೋಮವಾರದ ನೂಕುನುಗ್ಗಲಿನಲ್ಲಿ ಚೀಟಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಅಂಥದೇ ಒಂದು ಸೋಮವಾರ, ನಿವೃತ್ತ ಮೇಷ್ಟ್ರೊಬ್ಬರ ಹೆಂಡತಿಯ ವರದಿ ಬರಬೇಕಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಹೃದಯಕ್ಕೇ ಅಪಾಯವಾಗುವಷ್ಟು ಏರಿತ್ತು. ರೇಖಾ ಮೂರು ಸಲ ಪ್ರಿಂಟ್ ಒತ್ತಿದಳು, ಹಾಳೆ ಬರಲಿಲ್ಲ. "ಪ್ರಿಂಟರ್ ಕೆಟ್ಟಿದೆ ಸಾರ್, ಮಧ್ಯಾಹ್ನ ಬನ್ನಿ," ಎಂದು ಮೇಷ್ಟ್ರನ್ನು ಕಳಿಸಿದಳು. ಆ ಮೂರೂ ಪ್ರತಿ ಗೊಟ್ಟಿಗೆರೆಯಲ್ಲಿ ಬಂದು ಬಿದ್ದಿದ್ದವು. ಅಲ್ಲಿನ ಹುಡುಗಿ ತನ್ನ ರೋಗಿಯಲ್ಲವೆಂದು ಅವನ್ನು ರದ್ದಿಗೆ ಹಾಕಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಹೆಂಡತಿ ಮನೆಯಲ್ಲೇ ಕುಸಿದು ಬಿದ್ದು ಆಸ್ಪತ್ರೆ ಸೇರಿದ್ದರು. ಜೀವ ಉಳಿಯಿತು. ಉಳಿಯದೆಯೂ ಹೋಗಬಹುದಿತ್ತು.

ಮರುದಿನ ಮೇಷ್ಟ್ರು ಬನಶಂಕರಿಯ ಕೌಂಟರಿಗೆ ಬಂದಾಗ ನಾನೂ ಇದ್ದೆ, ನಾನೇ ಕರೆಸಿದ್ದ ಗುರುಪಾದಪ್ಪನೂ ಇದ್ದರು. "ಯಾರದ್ರೀ ತಪ್ಪು?" ಎಂದು ಮೇಷ್ಟ್ರು ಮೇಜು ಗುದ್ದಿದರು. ಸುತ್ತ ಹತ್ತು ಜನ ರೋಗಿಗಳು. ನನ್ನ ಬಾಯಿಂದ ಹೊರಟದ್ದು ಇಷ್ಟು: "ಪ್ರಿಂಟರ್ ನೋಡ್ಕೊಳ್ಳೋರು ಇವರು ಸಾರ್. ಇವರದ್ದೇ ಎಡವಟ್ಟು."

ಮೇಷ್ಟ್ರು ಅವರ ಕಡೆ ತಿರುಗಿದರು. "ನಿನಗೆ ಮನೇಲಿ ಹೆಂಗಸರಿಲ್ವೇನಯ್ಯಾ?"

ಗುರುಪಾದಪ್ಪನ ಕೈ ಪ್ರಿಂಟರಿನ ಮೇಲಿತ್ತು. ಒಂದು ಕ್ಷಣ ಅದನ್ನು ಎತ್ತುತ್ತಾರೆ ಎನ್ನುವ ಹಾಗೆ ಎರಡೂ ಬದಿ ಹಿಡಿದರು. ಆಮೇಲೆ ಬಿಟ್ಟರು. "ತಪ್ಪಾತ್ರಿ," ಎಂದರು.

ಅಂದೇ ಸಾಫ್ಟ್‌ವೇರಿನವನಿಗೆ ಹೇಳಿ ಹೆಸರು ಬೇರೆ ಮಾಡಿಸಿದೆ. ಗುರುಪಾದಪ್ಪನವರು ಸಂಜೆಯವರೆಗೆ ಕೂತು ಇಬ್ಬರು ಹುಡುಗಿಯರಿಗೂ ಅವರವರ ಪ್ರಿಂಟರನ್ನು ಕಟ್ಟಿಕೊಟ್ಟರು. ಹೋಗುವಾಗ ನಾನು ಮುನ್ನೂರು ಕೊಟ್ಟೆ. ನೂರನ್ನು ಮೇಜಿನ ಮೇಲಿಟ್ಟು, "ಮಾತಾಡಿದ್ದು ಇನ್ನೂರಲ್ರೀ ಸಾಹೇಬ್ರ," ಎಂದು ಮೆಟ್ಟಿಲಿಳಿದರು. ಮತ್ತೆ ಬರಲಿಲ್ಲ. ಅದೇ ರಸ್ತೆಯ ಎರಡು ಕ್ಲಿನಿಕ್ಕಿನವರು "ಆ ಎಡವಟ್ಟು ಮಾಡಿದ್ದು ನಮ್ಮ ಗುರುಪಾದಪ್ಪನೇನಾ?" ಎಂದು ನನ್ನನ್ನು ಕೇಳಿದಾಗ, "ಹೂಂ" ಎಂದೆ. ಆ ಕ್ಲಿನಿಕ್ಕಿನವರೂ ಅವರನ್ನು ಕರೆಯುವುದು ಬಿಟ್ಟರು.

ಆರೇಳು ತಿಂಗಳ ಮೇಲೆ ಬನಶಂಕರಿಯ ಪ್ರಿಂಟರ್ ಬದಲಾಯಿಸಲು ಎತ್ತಿದೆವು. ಅಡಿಯಲ್ಲಿ ಮಡಿಸಿದ ಹಾಳೆಗಳು. ನಾನು ಒಂದನ್ನೂ ಓದಿರಲಿಲ್ಲ. ಒಂದೊಂದಾಗಿ ಬಿಚ್ಚಿದೆ. ಒಂದರ ಮೇಲೆ ಆ ಸೋಮವಾರಕ್ಕೆ ಮೂರು ವಾರ ಹಿಂದಿನ ತಾರೀಕು. "ಎರಡು ಕೌಂಟರಿಗೆ ಒಂದೇ ಹೆಸರಿದೆ. ವರದಿ ಬೇರೆ ಕಡೆ ಹೋಗಬಹುದು. ಸಾಹೇಬರಿಗೆ ಹೇಳಿದ್ದೇನೆ. ಸದ್ಯಕ್ಕೆ ಬೇಡ ಅಂದರು."

ಅಂದು ಅವರ ಕೈಯ ಕೆಳಗೇ ಅದು ಇತ್ತು.

ಬಿಟಿಎಂ ಮನೆಗೆ ಹೋದೆ. ಬೇರೆ ಯಾರೋ ಇದ್ದರು. "ಖಾಲಿ ಮಾಡ್ಕೊಂಡು ಹೋದ್ರಂತೆ, ಎಲ್ಲಿಗೋ ಗೊತ್ತಿಲ್ಲ ಅಂಕಲ್," ಎಂದರು.

ನೀವೂ ನಾಲ್ಕು ಜನಕ್ಕೆ ಒಂದೇ ಸರ್ವರ್ ಇಟ್ಟು ಅಂಗಡಿ ನಡೆಸುವವರಾದರೆ ನನ್ನ ಮಾತು ಕೇಳಿ. ಚೌಕಾಸಿಯನ್ನು ಕುರ್ಚಿ, ಮೇಜಿನ ಮೇಲೆ ಮಾಡಿ, ಲಾಗಿನ್ ಹೆಸರಿನ ಮೇಲೆ ಬೇಡ. ಹಾಳೆ ಬರದಿದ್ದರೆ ಎರಡನೇ ಸಲ ಒತ್ತುವ ಮೊದಲು ಅದು ಎಲ್ಲಿಗೆ ಹೋಯಿತೆಂದು ವಿಚಾರಿಸಿ. ರಿಪೇರಿಯವರು ಬರೆದಿಟ್ಟದ್ದನ್ನು ಅವರು ಎದುರಿಗಿರುವಾಗಲೇ ಓದಿ. ಯಾರಾದರೂ ಬಂದು ಮೇಜು ಗುದ್ದಿ "ಯಾರ ತಪ್ಪು" ಎಂದು ಕೇಳಿದರೆ, ಬಾಯಿ ತೆರೆಯುವ ಮುಂಚೆ ಪ್ರಿಂಟರ್ ಎತ್ತಿ ಅಡಿಯಲ್ಲಿ ನೋಡಿ.