ಪಾರ್ಕಿನಲ್ಲಿ ಚರಗ, ಟ್ರ್ಯಾಕಿನಲ್ಲಿ ತಮ್ಮ

ಹೋದ ವಾರ ಬೆಳಗಾವಿಯ ಹೊಸ ಪಾರ್ಕೊಂದರಲ್ಲಿ ನಾನು ವಾಕಿಂಗ್ ಮಾಡಿದೆ. ಹುಟ್ಟಿದ ಮೇಲೆ ಮೊದಲ ಸಲ. ಅದೂ ಇಸ್ತ್ರಿ ಮುರಿಯದ ಬಿಳಿ ಅಂಗಿ, ಹೆಜ್ಜೆಗೊಮ್ಮೆ ಕಿರ್ರೆನ್ನುವ ಹೊಸ ಚಪ್ಪಲಿ ಹಾಕಿಕೊಂಡು.

ಡಾಕ್ಟರ್ ಹೇಳಿದ್ದರೇ? ಇಲ್ಲ. ಶುಗರ್ ಇದೆಯೇ? (ಇರಬಹುದು, ನೋಡಿಸಿಲ್ಲ.) ನಾನು ನಡೆದದ್ದಕ್ಕೆ ಕಾರಣ ಒಂದೇ. ಹುಲ್ಲಿನ ಮೇಲೆ ನನ್ನ ಅಕ್ಕ ಬುತ್ತಿಗಂಟು ಹಿಡಿದು ನಿಂತಿದ್ದಳು. ಅವಳ ಎದುರಿಗೆ ವಾಚ್‌ಮನ್ ಸೀಟಿ ಹಿಡಿದು ನಿಂತಿದ್ದ. ಆ ಹೆಂಗಸು ಯಾರೋ ನನಗೆ ಗೊತ್ತೇ ಇಲ್ಲ ಎನ್ನುವಂತೆ ನಾನು ಕಾಣಬೇಕಿತ್ತು.

ಹೌದು, ನೀವು ಓದಿದ್ದು ಸರಿಯಾಗಿಯೇ ಇದೆ.

ಮೊದಲಿನಿಂದ ಹೇಳುತ್ತೇನೆ. ಈ ಅಂಕಣ ಓದುವವರಿಗೆ ಗೊತ್ತಿರುವಂತೆ ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯುವುದು ವಾರದ ಚಟ, ಹೊಟ್ಟೆ ತುಂಬಿಸುವುದು ಪೇವರ್ ಬ್ಲಾಕ್. ಫುಟ್‌ಪಾತಿಗೆ ಹಾಸುತ್ತಾರಲ್ಲ, ಅದೇ ಸಿಮೆಂಟಿನ ಇಟ್ಟಿಗೆ. ಬೆಳಗಾವಿ ಈಗ ಹೊಸ ಮದುಮಗಳ ಹಾಗೆ ಸಿಂಗಾರವಾಗುತ್ತಿದೆ. ರಸ್ತೆ ಅಗಲ, ಫುಟ್‌ಪಾತ್ ಅಗಲ, ಸಾಲಾಗಿ ದೀಪದ ಕಂಬ, ಕುಳಿತುಕೊಳ್ಳಲು ಕಲ್ಲಿನ ಬೆಂಚು. ಸುಳ್ಳೇಕೆ ಹೇಳಲಿ, ಊರು ಚೆಂದ ಆಗಿದೆ. ಫುಟ್‌ಪಾತಿಗೆ ಬ್ಲಾಕ್ ಬೇಕು. ಬ್ಲಾಕ್ ಒಣಗಿಸಲು ಜಾಗ ಬೇಕು. ಜಾಗ ಎಲ್ಲಿತ್ತು? ಬೈಲಹೊಂಗಲದಿಂದ ಮುನವಳ್ಳಿಗೆ ಹೋಗುವ ರಸ್ತೆಗೆ ಹತ್ತಿಕೊಂಡು ಅಪ್ಪ ಬಿಟ್ಟುಹೋದ ಎರಡೆಕರೆ ಹೊಲದಲ್ಲಿತ್ತು.

ಈ ಬೇಸಿಗೆಯಲ್ಲಿ ಆ ಹೊಲಕ್ಕೆ ಪೂರ್ತಿ ಕಾಂಕ್ರೀಟ್ ಹಾಕಿಸಿದೆ. ಬದುವಿನ ಬೇವಿನ ಗಿಡದ ಬುಡವನ್ನೂ ಬಿಡಲಿಲ್ಲ.

ಅಕ್ಕನಿಗೆ ಮಾತ್ರ ಹೇಳಲಿಲ್ಲ.

ಯಾಕೆಂದರೆ ಸೀಗಿ ಹುಣ್ಣಿಮೆ. ನಮ್ಮ ಕಡೆ ಅವತ್ತು ಹೊಲದ ಭೂಮಿತಾಯಿಗೆ ಸೀಮಂತ. ಬೆಳೆ ತುಂಬಿದ ನೆಲ ಬಸುರಿ ಹೆಂಗಸಿದ್ದ ಹಾಗೆ, ಅವಳ ಬಯಕೆ ತೀರಿಸಬೇಕು. ಕಡಬು, ಹೋಳಿಗೆ, ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುವುದಕ್ಕೆ ಚರಗ ಎನ್ನುತ್ತೇವೆ. ಇದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಮುಂದೆ ಹೋಗುವವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಅನ್ನ ಚೆಲ್ಲಬೇಕು. ಹಿಂದೆ ಬರುವವರು ತಂಬಿಗೆಯ ನೀರು ಚಿಮುಕಿಸಿ ‘ಚಲ್ಲಾಂಬ್ರಿಗೋ’ ಎಂದು ಓಗೊಡಬೇಕು. (ಅರ್ಥ ಕೇಳಬೇಡಿ. ಅಪ್ಪನನ್ನು ಕೇಳಿದಾಗ ತಂಬಿಗೆಯಿಂದಲೇ ಕುಟ್ಟಿದ್ದ.) ನಮ್ಮ ಮನೆಯಲ್ಲಿ ಮುಂದೆ ಅಕ್ಕ, ಹಿಂದೆ ನಾನು. ಮದುವೆಯಾಗಿ ಬೆಳಗಾವಿ ಸೇರಿದ ಮೇಲೂ ಅವಳು ಒಂದು ವರ್ಷವೂ ತಪ್ಪಿಸಿಲ್ಲ. ತವರಿನಲ್ಲಿ ಅವಳು ಕೇಳುವುದೂ ಅದೊಂದೇ.

ಈ ಸಲ ನಾನೇ ಫೋನ್ ಮಾಡಿದೆ.

“ಅಕ್ಕಾ, ನೀ ಬರಬ್ಯಾಡ. ಹೊಲದಾಗ ಕೆಸರ ಭಾಳ ಐತಿ. ನಾನ ನಿನ್ನ ಕಡೆ ಬರತೇನಿ.”

ಕಾಂಕ್ರೀಟಿನಲ್ಲಿ ಕೆಸರು. ಎಂಥ ಸುಳ್ಳು ನೋಡಿ.

ಹುಣ್ಣಿಮೆಯ ಬೆಳಿಗ್ಗೆ ಹೋದರೆ ಅಕ್ಕ ಬುತ್ತಿ ಕಟ್ಟಿ, ತಂಬಿಗೆ ತುಂಬಿಕೊಂಡು ಬಾಗಿಲಲ್ಲೇ ನಿಂತಿದ್ದಾಳೆ. “ಕೆಸರ ಇದ್ರ ಚಪ್ಪಲ್ ಕೈಯಾಗ ಹಿಡಕೋತೇನಿ. ಗಾಡಿ ತೆಗಿ, ಬಸ್ಯಾ.”

ಹೊತ್ತು ಕಳೆಯಬೇಕಿತ್ತು. ಮೊದಲು ಊರು ನೋಡೋಣ ಬಾ ಎಂದು ಗಂಟು, ತಂಬಿಗೆ ಸಮೇತ ಅವಳನ್ನು ಹೊಸ ಫುಟ್‌ಪಾತಿನ ಮೇಲೆ ಹೊರಡಿಸಿದೆ. ನಡೆಯುತ್ತ ನಡೆಯುತ್ತ ನಾನು ಉಬ್ಬಿಹೋದೆ. ಸುಳ್ಳು ಹೇಳುವಾಗಲಾದರೂ ಮನುಷ್ಯನ ಜಂಬ ಸುಮ್ಮನಿರಬೇಕು. ಇರುತ್ತದೆಯೇ?

“ನೋಡ ಅಕ್ಕಾ, ಇವೆಲ್ಲಾ ನಮ್ಮ ಬ್ಲಾಕ್. ನಮ್ಮ ಹೊಲದಾಗ ಮಾಡಿದ್ದು.”

ಅಕ್ಕ ನಿಂತಳು. “ಹೊಲದಾಗ ಎಲ್ಲಿ?”

“ಎಲ್ಲಾ ಕಡೆ” ಎಂದೆ. ಬಾಯಿ ಮುಚ್ಚಿಕೊಳ್ಳುವ ಹೊತ್ತಿಗೆ ಮಾತು ಹೊರಗೆ ಬಿದ್ದಿತ್ತು.

ಅವಳು ಕಾಲಕೆಳಗಿನ ಬ್ಲಾಕ್ ನೋಡಿದಳು, ನನ್ನನ್ನು ನೋಡಿದಳು. “ಅಪ್ಪ ಜ್ವಾಳ ಬೆಳೀತಿದ್ದ. ನೀ ಕಲ್ಲ ಬೆಳಿಯಾಕತ್ತಿ” ಎಂದಳು. ಆಮೇಲೆ ಸೆರಗು ಬಿಗಿದು, “ಆತು. ಈಗ ಮಣ್ಣ ಹುಡುಕು. ಗಂಟ ಮನಿಗಿ ಒಯ್ಯೂದಿಲ್ಲ ನಾ.”

ಹುಡುಕಿದೆವು. ಮುಖ್ಯರಸ್ತೆ ಡಾಂಬರು. ಓಣಿ ಕಾಂಕ್ರೀಟು. ಅಂಗಡಿ ಮುಂದೆ ಟೈಲ್ಸು. ಗಿಡಗಳ ಬುಡಕ್ಕೂ ಸುತ್ತ ಬ್ಲಾಕ್ ಜೋಡಿಸಿಬಿಟ್ಟಿದ್ದಾರೆ. (ನನ್ನವೇ. ಕೆಂಪು ಬಣ್ಣದವು.) ಕೊನೆಗೆ ಮಣ್ಣು ಕಂಡದ್ದು ಹೊಸ ಪಾರ್ಕಿನ ಒಳಗೆ. ಹೂವಿನ ಮಡಿ, ಹಸಿರು ಹುಲ್ಲು. ಅಕ್ಕ ಒಳಗೆ ನಡೆದಳು.

ನಾನು ಅತ್ತಿತ್ತ ನೋಡುತ್ತ ಹಿಂದೆ ಹೋದೆ. ನೆನಪಿದೆಯಾ? ಹೋದ ತಿಂಗಳು ಇದೇ ಅಂಕಣದಲ್ಲಿ ಇದೇ ಪಾರ್ಕಿನ ಬಗ್ಗೆ ಬರೆದಿದ್ದೆ. ‘ಗಂಟು ಬಿಚ್ಚಿ ಉಂಡು ಎಂಜಲು ಚೆಲ್ಲುವ ಜನಕ್ಕೆ ಬುದ್ಧಿ ಬರುವುದು ಯಾವಾಗ? ಇಲ್ಲಿ ಸೀಟಿ ಊದುವ ಮನುಷ್ಯನೊಬ್ಬ ಬೇಕು’ ಎಂದು. ಜೊತೆಗೆ ನನ್ನ ಫೋಟೋ ಬೇರೆ.

ಅಕ್ಕ ಗಂಟು ಬಿಚ್ಚಿದಳು. ಮೊದಲ ಹಿಡಿ ಎತ್ತಿದಳು. “ಹುಲ್ಲುಲ್ಲಿಗೋ...”

ಅವಳ ದನಿ ಎರಡೆಕರೆಗೆ ತಯಾರಾದದ್ದು. ಪಾರ್ಕಿನ ಪಾರಿವಾಳಗಳೆಲ್ಲ ಎದ್ದವು.

ನಾನು ಓಗೊಡಬೇಕಿತ್ತು. ಅದಕ್ಕೆ ಬದಲು ಸೀಟಿ ಓಗೊಟ್ಟಿತು.

ನಾನು ಕೇಳಿದ್ದ ಮನುಷ್ಯ ಬಂದಿದ್ದ. ನನ್ನದೇ ವಯಸ್ಸು, ದೊಗಳೆ ಯೂನಿಫಾರ್ಮು. ನಾನು ತಂಬಿಗೆಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟು ವಾಕಿಂಗ್ ಟ್ರ್ಯಾಕಿಗೆ ಇಳಿದೆ. ಕೈ ಬೀಸಿದೆ. ಉಸಿರು ಎಳೆದು ಬಿಟ್ಟೆ. ಕಿರ್ರ್, ಕಿರ್ರ್.

“ಯಕ್ಕಾ, ಇದೇನ್ ಮಾಡಾಕತ್ತೀರಿ?”

“ಚರಗ ಚೆಲ್ಲಾಕತ್ತೇನಿ ತಮ್ಮಾ.”

“ಪಾರ್ಕಿನ್ಯಾಗ ಊಟಾ ಮಾಡುವಂಗಿಲ್ರಿ. ಬೋರ್ಡ್ ಐತಿ.”

“ನಾ ಎಲ್ಲಿ ಉಣ್ಣಾಕತ್ತೇನಿ? ಭೂಮಿತಾಯಿ ಉಣ್ಣಾಕತ್ತಾಳ. ಬಸುರಿ ಅದಾಳ.”

“ಇದು ಲಾನ್ ರಿ ಯಕ್ಕಾ. ಇದಕ್ಕ ಬಸುರೂ ಇಲ್ಲ, ಬಾಣಂತನಾನೂ ಇಲ್ಲ. ಬರೇ ಕಟಿಂಗ್.” ಅವನು ಮೇಲೆ ಕಂಬದ ಕಡೆ ಕೈ ತೋರಿಸಿದ. “ಕ್ಯಾಮೆರಾ ಐತ್ರಿ. ಸಾಹೇಬ್ರು ನೋಡಿದ್ರ ನನ್ನ ನೌಕರಿ ಹೊಕ್ಕೈತಿ. ಜತಿಗೆ ಯಾರ್ ಬಂದಾರ?”

ಅಷ್ಟರಲ್ಲಿ ನನ್ನ ಸುತ್ತು ಮುಗಿದು ಅವರ ಹತ್ತಿರಕ್ಕೇ ಬಂದಿದ್ದೆ. ಟ್ರ್ಯಾಕು ಗುಂಡಗಿದ್ದರೆ ಇದೇ ತೊಂದರೆ, ಎಷ್ಟು ದೂರ ಓಡಿದರೂ ಬಿಟ್ಟಲ್ಲಿಗೇ ತಂದು ನಿಲ್ಲಿಸುತ್ತದೆ. ವಾಚ್‌ಮನ್ ನನ್ನನ್ನೇ ಕೇಳಿದ.

“ಸಾಹೇಬ್ರ, ಇವರು ನಿಮ್ಮ ಕಡೆಯವರೇನ್ರಿ?”

“ಅಲ್ರಿ” ಎಂದೆ. “ನಾ ವಾಕಿಂಗಿಗೆ ಬಂದೇನಿ.”

ಅಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕಡಬಿನ ಚೂರನ್ನು ಮತ್ತೆ ಬುತ್ತಿಗೆ ಹಾಕಿದಳು. ಚಿಕ್ಕಂದಿನಲ್ಲಿ ನಾನು ಯಾರದೋ ಗಿಡದ ಪೇರಲ ಕದ್ದಾಗ ಒದೆ ತಿಂದವಳು ಅವಳು. ನಾನು ಕಾರಂಜಿ ನೋಡುತ್ತ ಮುಂದೆ ಹೋದೆ. ಕಾರಂಜಿಯಲ್ಲಿ ನೀರಿರಲಿಲ್ಲ, ಆದರೂ ನೋಡಿದೆ.

ಹಿಂದಿನಿಂದ ಮಾತು ಕೇಳುತ್ತಿತ್ತು.

“ಹೊರಗ ಎಲ್ಲರೆ ಚೆಲ್ರಿ ಯಕ್ಕಾ.”

“ಹೊರಗ ಹಿಡಿ ಮಣ್ಣ ತೋರ್ಸು, ಅಲ್ಲೇ ಚೆಲ್ಲತೇನಿ.”

ಅವನಿಗೂ ಹಟ. ಗೇಟು ದಾಟಿ ಹೋದ. ನಾನು ಇನ್ನೊಂದು ಸುತ್ತು ಮುಗಿಸುವ ಹೊತ್ತಿಗೆ ತಲೆ ಕೆರೆಯುತ್ತ ವಾಪಸ್ ಬಂದ. “ಎಲ್ಲಾ ಕಡೆ ಬ್ಲಾಕ್ ಹಾಕಿ ಕುಂದ್ರಿಸ್ಯಾರ್ರಿ. ಯಾವ ಪುಣ್ಯಾತ್ಮ ಮಾಡ್ಯಾನೋ.”

“ಏನ್ ಮಾಡೂದ ತಮ್ಮಾ” ಎಂದಳು ಅಕ್ಕ, ನನಗೆ ಕೇಳುವಷ್ಟು ಗಟ್ಟಿಯಾಗಿ. “ಅವನ ಬಾಯಾಗ ಮಣ್ಣ ಬೀಳ್ಲಿ ಅಂತ ಬೈಯೋಣಂದ್ರ, ಅದಕ್ಕೂ ಮಣ್ಣ ಬಿಟ್ಟಿಲ್ಲ ಅಂವ.”

ವಾಚ್‌ಮನ್ ನಕ್ಕುಬಿಟ್ಟ. ಹೆಸರು ಈರಪ್ಪ, ಸಿರಸಂಗಿಯವನು, ಹಬ್ಬಕ್ಕೆ ಸುಟ್ಟಿ, ಅಂದರೆ ರಜೆ, ಸಿಕ್ಕಿರಲಿಲ್ಲ. (ಅವನು ಪತ್ರಿಕೆಯನ್ನೇ ಓದುವುದಿಲ್ಲ ಎಂದು ಆಮೇಲೆ ತಿಳಿಯಿತು. ನಾನು ಅಷ್ಟೆಲ್ಲ ಓಡಿದ್ದು ಯಾರಿಗೆ ಹೆದರಿ?) ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಕಂಬದ ಬುಡಕಿಂದು ಕ್ಯಾಮೆರಾಕ್ಕ ಕಾಣೂದಿಲ್ರಿ. ಅಲ್ಲಿ ಹೂವಿನ ಮಡಿ ಐತಿ. ಆದ್ರ ಸಣ್ಣಗ ಕೂಗ್ರಿ.”

ಆಮೇಲೆ ನಾನು ನೋಡಿದ್ದು ಇದು. ಅಕ್ಕ ಕಂಬದ ಸುತ್ತ ಹೆಜ್ಜೆ ಹಾಕುತ್ತಿದ್ದಾಳೆ. “ಹುಲ್ಲುಲ್ಲಿಗೋ” ಎಂದು ಮಗುವನ್ನು ಮಲಗಿಸುವವಳ ಹಾಗೆ ಪಿಸುಗುಟ್ಟುತ್ತಾಳೆ. ಸೇವಂತಿಗೆ ಬುಡಕ್ಕೆ ಕಡಬಿನ ಚೂರು ಬೀಳುತ್ತದೆ. ಹಿಂದೆ ಈರಪ್ಪ, ಸೀಟಿಯನ್ನು ಕಿಸೆಗೆ ತುರುಕಿ, ನಾನು ಬೆಂಚಿನ ಮೇಲೆ ಬಿಟ್ಟುಹೋದ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ, “ಚಲ್ಲಾಂಬ್ರಿಗೋ” ಎನ್ನುತ್ತಿದ್ದಾನೆ.

ಒಂದು ಸಲವೂ ತಪ್ಪಲಿಲ್ಲ ಅವನು.

ನನ್ನ ಕಾಲು ನಿಂತವು. ಚಪ್ಪಲಿ ಹಿಮ್ಮಡಿ ಸುಲಿದಿತ್ತು, ಅದು ಒಂದು ಕಾರಣ. ಈರಪ್ಪ ನನ್ನ ಕಡೆ ನೋಡಿದ. “ಯಕ್ಕಾ, ಆ ವಾಕಿಂಗಿನವ್ರು ಆವಾಗಿಂದ ಇಲ್ಲೇ ಗಿರಕಿ ಹೊಡ್ಯಾಕತ್ತಾರ. ಖರೇನ ನಿಮಗ ಗೊತ್ತಿಲ್ಲೇನ್ರಿ?”

“ಇಲ್ಲ ತಮ್ಮಾ. ಮಾರಿ ನಮ್ಮ ಬಸ್ಯಾನ ಹಂಗ ಐತಿ. ಆದ್ರ ಅಂವ ಚರಗದ ದಿನಾ ತಂಬಿಗಿ ಬಿಟ್ಟ ಓಡಾವ ಅಲ್ಲ” ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, “ಬರ್ರಿ ಅಣ್ಣಾರ. ನಡದ ನಡದ ದಣಿದೀರಿ. ಒಂದ ಕಡಬ ತಗೋರಿ.”

ನಾನು ಅವಳಿಗಿಂತ ಐದು ವರ್ಷ ಸಣ್ಣವನು. ಅವಳ ಬಾಯಲ್ಲಿ ಬಸ್ಯಾ ಬಿಟ್ಟು ಬೇರೆ ಹೆಸರು ಕೇಳಿದವನಲ್ಲ. ತಮ್ಮ ಎನ್ನುವುದು ಆ ಮುಂಜಾನೆಯೇ ಈರಪ್ಪನಿಗೆ ಹೋಗಿತ್ತು. ನಾನು ಪರವೂರ ಬೀಗರ ಹಾಗೆ ಎರಡೂ ಕೈ ಚಾಚಿ ಕಡಬು ತೆಗೆದುಕೊಂಡೆ. ಕಂಬದ ಬುಡದಲ್ಲಿ ಮೂವರೂ ಕುಳಿತು ತಿಂದೆವು. ಒಂದು ಅಗುಳೂ ಹೊರಗೆ ಬೀಳದ ಹಾಗೆ ಅಕ್ಕ ಬುತ್ತಿಯ ಎಲೆ ಮಡಚಿ ಗಂಟಿಗೆ ಕಟ್ಟಿಕೊಂಡಳು. ಪಾರ್ಕು ನಾವು ಬಂದಾಗ ಎಷ್ಟು ಸ್ವಚ್ಛ ಇತ್ತೋ ಅಷ್ಟೇ ಸ್ವಚ್ಛ ಇತ್ತು. ಬುದ್ಧಿ ಬರಬೇಕಾದದ್ದು ಯಾರಿಗೆ?

ಊರಿಗೆ ಬಂದವನೇ ಆಳುಗಳನ್ನು ಕರೆದು ಬೇವಿನ ಗಿಡದ ಸುತ್ತಿನ ಕಾಂಕ್ರೀಟ್ ಒಡೆಸಿದೆ. ಹಾಕುವುದಕ್ಕಿಂತ ಒಡೆಯುವುದೇ ಕಷ್ಟವಾಯಿತು. ಕೆಳಗೆ ಎರೆಮಣ್ಣು ಹಾಗೇ ಕರ‍್ರಗೆ ಇತ್ತು. ನಾಲ್ಕು ಕಾಳು ಜೋಳ ಊರಿ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕಾ, ಎಳ್ಳ ಅಮಾಸಿಗೂ ಚರಗ ಐತಲ್ಲ, ಅದಕ್ಕ ಬಾ. ಬೇವಿನ ಗಿಡದ ಬುಡಕ ಮಣ್ಣ ಐತಿ.”

“ಕೆಸರ ಇಲ್ಲೇನು?”

“ಇಲ್ಲ.”

“ಬರತೇನಿ. ಆದ್ರ ತಂಬಿಗಿ ಹಿಡ್ಯಾಕ ಈರಪ್ಪನ್ನ ಕರಕೊಂಡ ಬರತೇನಿ. ಸುಟ್ಟಿ ಕೇಳ್ಯಾನ ಅಂವ.”

ಹೊಲ ನನ್ನದು, ಬೇವಿನ ಗಿಡ ನನ್ನದು, ಅಕ್ಕ ನನ್ನವಳು. ಅವತ್ತು ನಾನೇನು ಮಾಡಲಿ, ವಾಕಿಂಗೇ?