ಬಾಲವಿದ್ದ ನಾತಾಳದಜ್ಜ

ಮೊನ್ನೆ ಮೊಮ್ಮಗಳ ಶಾಲೆಯಿಂದ ಅಪ್ಪಣೆಯಾಯಿತು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಹುಡುಗಿ ಸಾಂತಾಕ್ಲಾಸ್ ಆಗಿ ಬರಬೇಕಂತೆ. ಸೊಸೆ ಕೊಲ್ಹಾಪುರಕ್ಕೆ ಹೋಗಿ ಕೆಂಪು ಅಂಗಿ, ಕೆಂಪು ಟೋಪಿ, ಪ್ಲಾಸ್ಟಿಕ್ ವಾಸನೆಯ ಗಡ್ಡ, ಹೆಗಲಿಗೊಂದು ಚೀಲ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ತಂದಳು. ಸೊಂಟಕ್ಕೆ ಕಟ್ಟುವ ಪಟ್ಟಿ ಮಾತ್ರ ಅದರಲ್ಲಿರಲಿಲ್ಲ. ನನ್ನ ಟ್ರಂಕಿನಲ್ಲಿ ಏನಾದರೂ ಸಿಕ್ಕೀತು ಎಂದು ಮುಚ್ಚಳ ತೆಗೆದು ಹಳೆಯ ಸೀರೆಗಳ ಕೆಳಗೆ ಕೈ ಹಾಕಿದೆ. ಅರದಾಳದ ವಾಸನೆ ಬಂತು. ಅರದಾಳ ಎಂದರೆ ಹಿಂದೆ ವೇಷಗಾರರು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಹಳದಿ ಬಣ್ಣ. ವಾಸನೆಯ ಹಿಂದೆಯೇ ಕೈಗೆ ಬಂದದ್ದು ಒಂದು ಬಾಲ. ಒಳಗೆ ಸೆಣಬಿನ ಹಗ್ಗ, ಮೇಲೆ ಅರಳೆ, ಅದರ ಮೇಲೆ ಕಂದು ಬಟ್ಟೆ, ತುದಿಗೊಂದು ಗೆಜ್ಜೆ.

“ಆಯಿ, ಇದು ಯಾರ ಬಾಲ?” ಎಂದಳು ಮೊಮ್ಮಗಳು.

“ಸಾಂತಾಕ್ಲಾಸಂದು,” ಎಂದೆ.

ಸೊಸೆ ಮಗನ ಮುಖ ನೋಡಿದಳು. ಮಗ ಗೋಡೆಯ ಕ್ಯಾಲೆಂಡರು ನೋಡಿದ. ವಯಸ್ಸಾದವರು ನಿಜ ಹೇಳಿದಾಗ ಮನೆಮಂದಿ ಹೀಗೆಯೇ ಮಾಡುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ಆದ್ದರಿಂದ ನಿಮಗೆ ಪೂರ್ತಿ ಹೇಳುತ್ತೇನೆ. ಅಂದು ರಾತ್ರಿ ಊಟಕ್ಕೆ ಮೊದಲು ಮೊಮ್ಮಗಳಿಗೂ ಹೇಳಿದೆ.

ನಾನು ಮಹಾರಾಷ್ಟ್ರದ ಗಡಿಯಲ್ಲಿರುವ ಗಡಹಿಂಗ್ಲಜ ತಾಲೂಕಿನ ನೂಲದವಳು. ಹುಟ್ಟಿದ ಊರು ನೂಲ, ಮದುವೆಯಾಗಿ ಇಚಲಕರಂಜಿಗೆ ಬಂದ ಮೇಲೆ ಹಿಡಿದ ಕೆಲಸ ಕಾಂಡಿಗೆ, ಅಂದರೆ ಮಗ್ಗದ ಲಾಳಿಯೊಳಗಿನ ಕೊಳವೆಗೆ, ನೂಲು ತುಂಬುವುದು. ನನ್ನ ಹಣೆಬರಹ ಬರೆದವನಿಗೆ ಅಂದು ಬೇರೆ ಶಬ್ದ ಹೊಳೆಯಲಿಲ್ಲವೆಂದು ಕಾಣುತ್ತದೆ. ಅರವತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮ ಓಣಿಯಲ್ಲಿ ಮನೆಗಳಿಗಿಂತ ಮಗ್ಗದ ಶೆಡ್ಡುಗಳೇ ಹೆಚ್ಚು. ಹಗಲೆಲ್ಲ ಖಟಾಖಟ ಸದ್ದು. ಅದರ ನಡುವೆ ಮಾತಾಡಿ ಮಾತಾಡಿ ಇಡೀ ಓಣಿಗೆ ಕೂಗಿ ಹೇಳುವ ಚಟ ಹತ್ತಿತ್ತು. ಗಂಡ ಹೆಂಡಿರ ಗುಟ್ಟಿನ ಮಾತಿಗೆ ಆಚೆ ಮನೆಯವರು ಉತ್ತರ ಕೊಡುತ್ತಿದ್ದರು. ನಮ್ಮ ಅತ್ತೆಯ ದನಿಗಂತೂ ಮಗ್ಗಗಳೇ ಸ್ವಲ್ಪ ತಗ್ಗುತ್ತಿದ್ದವು ಎಂದು ನಮ್ಮವರು ಹೇಳುತ್ತಿದ್ದರು, ಅತ್ತೆ ಇಲ್ಲದಾಗ. ಅತ್ತೆ ನಕ್ಕದ್ದನ್ನು ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ನಾನು ಆ ಮನೆಗೆ ಹೊಸ ಸೊಸೆ. ಕೇಳಿದ್ದಕ್ಕೆ ಹೂಂ ಅನ್ನುವುದು, ಕೊಟ್ಟದ್ದನ್ನು ತಿನ್ನುವುದು, ಇಷ್ಟೇ ನನ್ನ ಪಾಲಿನ ಮಾತುಕತೆ.

ಆ ಓಣಿಗೆ ವರ್ಷಕ್ಕೊಮ್ಮೆ, ಸುಗ್ಗಿಯ ಮುಂಚಿನ ಚಳಿಯಲ್ಲಿ, ಒಬ್ಬ ಹಗಲುವೇಷಗಾರ ಬರುತ್ತಿದ್ದ. ನಿಜವಾದ ಹೆಸರು ಯಾರಿಗೂ ಗೊತ್ತಿರಲಿಲ್ಲ, ವೇಷಕ್ಕೆ ಸೋಂಗು ಎನ್ನುವುದರಿಂದ ಎಲ್ಲರೂ ಸೋಂಗಪ್ಪ ಎನ್ನುತ್ತಿದ್ದರು. ಓಣಿಯ ತುದಿಯ ಸಂತೆ ಬಯಲಿನಲ್ಲಿ ಹರಕು ಗುಡಾರ ಹಾಕಿ ಹೆಂಡತಿ ತಿಪ್ಪವ್ವನೊಡನೆ ಇಳಿಯುತ್ತಿದ್ದ. ದಿನಕ್ಕೊಂದು ವೇಷ. ಒಂದು ದಿನ ಫೌಜದಾರ, ಒಂದು ದಿನ ಹನುಮಂತ, ಒಂದು ದಿನ ಅಗಲವಾದ ಹಲಗೆಗೆ ರಟ್ಟಿನ ತಲೆಗಳನ್ನು ಸಿಕ್ಕಿಸಿಕೊಂಡ ರಾವಣ. ರಾವಣನ ದಿನ ಅವನು ಓಣಿಯಲ್ಲಿ ಅಡ್ಡಡ್ಡ ನಡೆಯಬೇಕಾಗುತ್ತಿತ್ತು, ನೇರ ನಡೆದರೆ ತಲೆಗಳು ಎರಡೂ ಕಡೆಯ ಕಿಟಕಿಗಳೊಳಗೆ ಹೋಗುತ್ತಿದ್ದವು.

ಆ ಕಸುಬಿಗೆ ಒಂದು ರಿವಾಜು ಇತ್ತು. ವೇಷದ ದಿನಗಳಲ್ಲಿ ಏನನ್ನೂ ಬೇಡುವಂತಿಲ್ಲ. ಕಡೆಯ ದಿನ ಮುಖ ತೊಳೆದು, ತನ್ನದೇ ಮುಖದಲ್ಲಿ, ಹೆಂಡತಿಯೊಡನೆ ಜೋಳಿಗೆ ಹಿಡಿದು ಮನೆಮನೆಗೆ ಬರಬೇಕು. ಆಗ ಜೋಳ, ಹಳೆಯ ಬಟ್ಟೆ ಏನು ಕೊಟ್ಟರೂ ಸರಿ. ದೀಪ ಹಚ್ಚಿದ ಮೇಲೆ ಕೈ ಚಾಚಿದರೆ ಕಸುಬೇ ಮುನಿಯುತ್ತದಂತೆ. ಆ ಒಂದು ದಿನ ತಪ್ಪಿತೆಂದರೆ ಈ ಓಣಿಯ ಕಾಳು ಆ ವರ್ಷಕ್ಕೆ ತಪ್ಪಿದಂತೆಯೇ. ಗಂಡ ಹೆಂಡಿರು ಸುಗ್ಗಿಯವರೆಗೆ ಉಣ್ಣುವುದು ಅದನ್ನೇ.

ಇನ್ನೊಂದು ಕಟ್ಟು ಅವನು ತಾನೇ ಹಾಕಿಕೊಂಡದ್ದು. ವೇಷ ಮೈಮೇಲೆ ಇರುವವರೆಗೆ ವೇಷದ ಧರ್ಮ ಬಿಡಬಾರದು. ಒಮ್ಮೆ ಹನುಮಂತನಾಗಿ ಬಂದಾಗ ಅತ್ತೆ ಚಹ ಕೊಟ್ಟರು. “ಹನುಮಪ್ಪ ಚಾ ಕುಡಿಯೂದಿಲ್ರೀ ಯವ್ವಾ,” ಎಂದು ಹೋದ. ಸ್ವಲ್ಪ ಹೊತ್ತಿನಲ್ಲಿ ಮುಖ ತೊಳೆದು ಲುಂಗಿ ಉಟ್ಟು ಬಂದು, “ಚಾ ಐತೇನ್ರೀ?” ಎಂದ. ಆರಿದ ಚಹವನ್ನು ಅತ್ತೆ ಮತ್ತೆ ಕಾಯಿಸಿಕೊಟ್ಟರು. ಅವರ ಜನ್ಮದಲ್ಲಿ ಅದೊಂದೇ ಸಲ ಅವರು ಚಹ ಮತ್ತೆ ಕಾಯಿಸಿದ್ದು.

ನಮ್ಮ ಸಾಲಿನ ಕಡೆಯ ಮನೆಯಲ್ಲಿ ರೂತಬಾಯಿ ಇದ್ದಳು. ಪುಟ್ಟ ಪ್ರಾರ್ಥನಾ ಮಂದಿರದ ಮಗ್ಗುಲಿನ ಶಾಲೆಯಲ್ಲಿ ಮಾಸ್ತರಣಿ. ಕ್ರಿಸ್‌ಮಸ್ಸಿಗೆ ನಮ್ಮ ಕಡೆ ನಾತಾಳ ಎನ್ನುತ್ತಾರೆ. ದೀಪಾವಳಿಯಲ್ಲಿ ನಾವು ಕೊಟ್ಟ ಚಕ್ಕಲಿ ಕರಿಗಡುಬಿನ ಡಬ್ಬಿ ನಾತಾಳದಲ್ಲಿ ಚಕ್ಕಲಿ ಕರಿಗಡುಬು ತುಂಬಿಕೊಂಡೇ ತಿರುಗಿ ಬರುತ್ತಿತ್ತು. ಹೀಗಾಗಿ ಅದು ಕೂಡ ದೀಪಾವಳಿಯೇ, ಅವರು ಸ್ವಲ್ಪ ತಡವಾಗಿ ಮಾಡುತ್ತಾರೆ ಎಂದು ನಾವೆಲ್ಲ ತಿಳಿದಿದ್ದೆವು.

ಆ ವರ್ಷ ನಾತಾಳದ ಹಿಂದಿನ ಸಂಜೆ ರೂತಬಾಯಿ ನಳದ ಹತ್ತಿರ ಸೆರಗಿನಿಂದ ಕಣ್ಣೊರೆಸುತ್ತ ನಿಂತಿದ್ದಳು. ಪ್ರತಿ ವರ್ಷ ಕೊಲ್ಹಾಪುರದಿಂದ ಅವಳ ಮಾವ ಬಂದು ಕೆಂಪು ನಿಲುವಂಗಿ ತೊಟ್ಟು ನಾತಾಳದಜ್ಜನಾಗಿ ಮಕ್ಕಳಿಗೆ ತಿಂಡಿ ಹಂಚುತ್ತಿದ್ದರಂತೆ. ಈ ಸಲ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದರು.

“ಆತಾ ಕಾಯ ಕರೂ, ಕಾಕೂ? ಈಗೇನ ಮಾಡ್ಲಿ? ಹುಡುಗೋರು ತಿಂಗಳಿಂದ ದಾರಿ ಕಾಯಾಕತ್ತಾವ,” ಎಂದಳು ಅತ್ತೆಗೆ.

“ಸೋಂಗಪ್ಪ ಇದ್ದಾನಲ್ಲ, ಅಳೂದ್ಯಾಕ?” ಎಂದರು ಅತ್ತೆ. ಅವರ ದನಿಗೆ ಸೋಂಗಪ್ಪ ಬಯಲಿನಿಂದ ತಾನಾಗಿಯೇ ಬಂದ.

ಅವನು ನಾತಾಳದಜ್ಜನನ್ನು ಚಿತ್ರದಲ್ಲೂ ಕಂಡವನಲ್ಲ. ಹೊಸ ವೇಷ ಹಿಡಿಯುವ ಮುನ್ನ ಅವನದೊಂದು ವಿಚಾರಣೆ ಇರುತ್ತಿತ್ತು. ಕಟ್ಟೆಯ ಮೇಲೆ ಕೂತು ಶುರುಮಾಡಿದ.

“ಎಲ್ಲಿಂದ ಬರ್ತಾನ್ರೀ ಅಂವಾ?”

“ಭಾಳ ದೂರದಿಂದ,” ಎಂದಳು ರೂತಬಾಯಿ.

“ಹೆಂಗ ಬರ್ತಾನ?”

“ಮುಗಲಾಗ ಹಾರಿಕೋತ. ಮಾಳಗಿ ಮ್ಯಾಲ ಇಳೀತಾನ.”

“ಮುಖ?”

“ಮುಖದ ತುಂಬ ಕೂದಲ. ಬೆನ್ನಮ್ಯಾಲ ದೊಡ್ಡ ಗಂಟು.”

“ಹೆಂಡತಿ ಮಕ್ಕಳು?”

ರೂತಬಾಯಿ ಅದನ್ನೆಂದೂ ಯೋಚಿಸಿರಲಿಲ್ಲ. “ಇರಲಿಕ್ಕಿಲ್ಲ,” ಎಂದಳು.

ಸೋಂಗಪ್ಪ ನಮ್ಮೆಲ್ಲರ ಮುಖ ನೋಡಿದ. ನಾವೂ ಒಬ್ಬರ ಮುಖ ಒಬ್ಬರು ನೋಡಿದೆವು. ಮುಗಿಲಲ್ಲಿ ಹಾರುವವನು, ಬೆಟ್ಟದಂಥ ಹೊರೆ ಹೊರುವವನು, ಬ್ರಹ್ಮಚಾರಿ, ಮುಖದ ತುಂಬ ಕೂದಲು. ಹೇಳುವುದು ಇನ್ನೇನು ಉಳಿದಿತ್ತು?

“ತಿಳೀತು ಬಿಡ್ರಿ. ನಮ್ಮ ಪೈಕಿನೇ ಅದಾನ,” ಎಂದ ಸೋಂಗಪ್ಪ. ಆಮೇಲೆ ತಡೆದು, “ಇಷ್ಟೆಲ್ಲ ಕೊಟ್ಟ ಮ್ಯಾಲ ಏನ ತೊಗೋತಾನ್ರೀ?”

“ಏನೂ ತೊಗೊಳ್ಳೂದಿಲ್ಲ.”

“ಕಾಳು?”

“ಇಲ್ಲ.”

“ಹಳೀ ಅರಿವಿ?”

“ಇಲ್ಲೋ ಯಪ್ಪಾ. ಅಂವಾ ಬರೇ ಕೊಡವ.”

“ಇಂಥಾ ವೇಷ ನಮ್ಮಪ್ಪನೂ ಹಾಕಿಲ್ಲ, ನಮ್ಮ ಮುತ್ಯಾನೂ ಹಾಕಿಲ್ಲ,” ಎಂದ. ಕಸುಬಿನಲ್ಲಿ ತಾನು ಹಾಕದ ವೇಷ ಒಂದು ಉಳಿದಿದೆ ಎಂಬುದು ಅವನಿಗೆ ಚುಚ್ಚಿತ್ತು.

“ನಾಳೆ ನಿನ್ನ ಕಾಳು ಬೇಡೂ ದಿನ. ನೆನಪೈತಿಲ್ಲೋ?” ಎಂದರು ಅತ್ತೆ.

“ಮುಂಜಾನೆ ಇದನ್ನ ಮುಗಸ್ತೀನಿ, ಮಧ್ಯಾಹ್ನ ಮುಖ ತೊಳದು ಜೋಳಿಗಿ ತರ್ತೀನ್ರೀ.”

ಮರುದಿನ ಬೆಳಿಗ್ಗೆ ನಾತಾಳದಜ್ಜ ಸಿದ್ಧನಾದ. ಮೈಗೆ ಅತ್ತೆಯ ಕೆಂಪು ಸೀರೆ. ಗಡ್ಡಕ್ಕೆ ನಮ್ಮ ಶೆಡ್ಡಿನ ಅರಳೆಯ ವೇಸ್ಟು, ಅದರಲ್ಲಿ ಮಗ್ಗದ ಕರಿ ಎಣ್ಣೆ ಹತ್ತಿದ್ದರಿಂದ ಅಜ್ಜನಿಗೆ ಅಲ್ಲಲ್ಲಿ ಹರೆಯ ಉಳಿದಿತ್ತು. ಮುಖಕ್ಕೆ ಅರದಾಳ. ಹಿಂದೆ, ಯಾರೂ ಹೇಳುವ ಅಗತ್ಯವೇ ಇಲ್ಲದಂತೆ, ಹನುಮಂತನ ಉದ್ದನೆಯ ಬಾಲ. ಅದು ಮಣ್ಣಿನಲ್ಲಿ ಎಳೆಯುತ್ತಿತ್ತೆಂದು ಹಿಡಿದುಕೊಂಡು ನಡೆಯಲು ಅತ್ತೆ ನನ್ನನ್ನು ನೇಮಿಸಿದರು. ಮದುವೆಯಾದ ಮೇಲೆ ನಾನು ಮೊದಲ ಸಲ ಓಣಿಯ ತುಂಬ ಮೆರವಣಿಗೆ ಹೋದದ್ದು ಹೀಗೆ.

ರೂತಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಗೋಡೆ ಹಿಡಿದು ನಗತೊಡಗಿದಳು. ಚೀಲದ ತುಂಬ ಚುರುಮುರಿ, ಬತ್ತಾಸು ತುಂಬಿಕೊಟ್ಟು, “ಗುಡಿಗೆ ಹೋಗ್ರಿ,” ಎಂದಳು, ತನ್ನ ಪ್ರಾರ್ಥನಾ ಮಂದಿರಕ್ಕೆ.

ಗುಡಿ ಓಣಿಯ ಆಚೆ ತುದಿಯಲ್ಲಿ. ನಡುವೆ ನಮ್ಮ ಓಣಿಯ ಮಂದಿ ಇದ್ದರಲ್ಲ! ಕೊಡುವ ದೇವರು ಬಂದಾನೆ ಎಂದು ಯಾರೋ ಕೂಗಿದರು, ಮಗ್ಗಗಳು ನಿಂತವು. ಮಕ್ಕಳು, ಮುದುಕರು, ಅರಳೆ ಮೆತ್ತಿದ ತಲೆಯ ನೇಕಾರರು ಎಲ್ಲ ಸಾಲು ನಿಂತರು. ಯಾರಿಗೆ ಇಲ್ಲ ಅನ್ನುವುದು? ಗುಡಿ ಮುಟ್ಟುವಷ್ಟರಲ್ಲಿ ಚೀಲದಲ್ಲಿ ಬತ್ತಾಸಿನ ಪುಡಿಯೂ ಇರಲಿಲ್ಲ. ಒಳಗೆ ಮಕ್ಕಳು ತೊಳೆದ ಅಂಗಿ ತೊಟ್ಟು ಕಾದು ಕೂತಿದ್ದವು.

ಸೋಂಗಪ್ಪ ಖಾಲಿ ಚೀಲ ನೋಡಿದ, ತಿರುಗಿ ಬಯಲಿನ ಕಡೆಗೆ ಹೊರಟ. ಬಾಲ ನನ್ನ ಕೈಯಲ್ಲಿದ್ದುದರಿಂದ ನಾನೂ ಹಿಂದೆ ಹೋದೆ. ಗುಡಾರದಲ್ಲಿ ತನ್ನ ವೇಷದ ಪೆಟ್ಟಿಗೆ ತೆರೆದು ಒಂದೊಂದೇ ಚೀಲಕ್ಕೆ ಹಾಕತೊಡಗಿದ. ಫೌಜದಾರನ ಟೋಪಿ, ಲಾಠಿ, ಮೀಸೆಗಳು, ಬಳೆಗಳು. ಹಲಗೆಯಿಂದ ರಾವಣನ ತಲೆಗಳನ್ನು ಬಿಚ್ಚಿದ.

“ನಿನಗ ಖಬರ ಐತೇನು?” ಎಂದಳು ತಿಪ್ಪವ್ವ. “ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಕ್ಕ ಮಲ್ಲಿಗಿ ಹೂವು. ನಾಳೆಯಿಂದ ಏನ ಹಾಕ್ಕೊಂಡು ಕುಣೀತಿ? ಏನ ತಿನ್ನೂಣು?”

“ಅದನ್ನ ಮುಖ ತೊಳದ ಮ್ಯಾಲ ನಿನ್ನ ಗಂಡನ್ನ ಕೇಳು. ಈಗ ನಾ ಅಂವಲ್ಲ.”

ತಿಪ್ಪವ್ವ ನನ್ನ ಕಡೆ ನೋಡಿದಳು. ನಾನು ಬಾಲ ನೋಡಿದೆ. ಹೊಸ ಸೊಸೆಗೆ ಬರುವ ಉತ್ತರ ಅದೊಂದೇ.

ಆ ವರ್ಷದ ನಾತಾಳವನ್ನು ಕಂಡವರು ಈಗ ಎಷ್ಟು ಮಂದಿ ಉಳಿದಿದ್ದಾರೋ ಕಾಣೆ. ಮಕ್ಕಳಿಗೆ ತಲೆಗೊಂದು ರಾವಣನ ತಲೆ ಸಿಕ್ಕಿತು, ಉಳಿದವರಿಗೆ ಮೀಸೆ ಬಂತು. ಆ ಮಕ್ಕಳು ಸಾಲಾಗಿ ಕೂತು, ತೊಡೆಯ ಮೇಲೆ ಒಂದೊಂದು ರಾಕ್ಷಸ ಮುಖ ಇಟ್ಟುಕೊಂಡು, ದೇವರ ಮಗ ಹುಟ್ಟಿದ ಹಾಡು ಹಾಡಿದವು. ಕಣ್ಣು ಮಂಜಾದ ಮುದಿ ಪಾದ್ರಿ ನಾತಾಳದಜ್ಜನ ಬೆನ್ನು ತಟ್ಟಲು ಹೋಗಿ ಬಾಲ ಹಿಡಿದರು. “ಹೇ ಕಾಯ, ಇದೇನು?” ಎಂದರು. “ಕಮರಪಟ್ಟಾ,” ಎಂದಳು ರೂತಬಾಯಿ. ಸೊಂಟಪಟ್ಟಿ ಈಗ ಉದ್ದ ಬರುತ್ತಿರಬೇಕು ಎಂದು ಪಾದ್ರಿ ತಲೆಯಾಡಿಸಿದರು.

ಹೊರಗೆ ಬಂದರೆ ಓಣಿ ಮತ್ತೆ ಸಾಲು ನಿಂತಿತ್ತು. ಸೋಂಗಪ್ಪ ಲಾಠಿಯನ್ನು ಅತ್ತೆಗೆ ಕೊಟ್ಟು, “ನಿಮಗಿದರ ಜರೂರ ಇಲ್ರೀ ಯವ್ವಾ, ಆದ್ರೂ ಇರ್ಲಿ,” ಎಂದ. ಹೊತ್ತು ಇಳಿಯಿತು. ಹೆಂಗಸರು ಅವನ ಪಾಲಿನ ಜೋಳವನ್ನು ಮೊರದಲ್ಲಿ ಹಿಡಿದು ಬಾಗಿಲಿಗೆ ಬಂದರು. ಅವನು ಕೈ ಹಿಂದಕ್ಕೆ ತೆಗೆದ. “ಇದು ತೊಗೊಳ್ಳೂ ವೇಷ ಅಲ್ರೀ.”

“ಹಂಗಾರ ಲಗೂನ ಮುಖ ತೊಳಕೊಂಡ ಬಾ,” ಎಂದು ಅತ್ತೆ ಕೂಗಿದರು. ಆದರೆ ಸಾಲಿನಲ್ಲಿ ಇನ್ನೂ ಮಂದಿ ಇದ್ದರು, ಅವರನ್ನು ಬಿಟ್ಟು ಹೋಗಲು ಅವನಿಂದಾಗಲಿಲ್ಲ. ಕಡೆಯವರ ಸರದಿ ಬರುವಷ್ಟರಲ್ಲಿ ಮನೆಗಳಲ್ಲಿ ದೀಪ ಹತ್ತಿದವು. ಮೊರ ಹಿಡಿದವರು ಹಾಗೆಯೇ ಒಳಗೆ ಹೋದರು.

ಆಗ ಅವನು ನನ್ನ ಕಡೆ ತಿರುಗಿದ. “ತಂಗೀ, ಮುಂಜಾನಿಂದ ಹಿಂದ ಅಡ್ಡ್ಯಾಡೀದಿ. ನಿನಗೇನ ಬೇಕವ್ವಾ?”

“ನನಗೇನೂ ಬ್ಯಾಡ,” ಎಂದೆ.

“ಬ್ಯಾಡ ಅನ್ನವರಿಗೇ ಮೊದಲ ಕೊಡಬೇಕಾಗಿತ್ತು,” ಎಂದು ಬಾಲ ಬಿಚ್ಚಿ ನನ್ನ ಕೈಯಲ್ಲಿಟ್ಟ. ನೀವು ನಗಬಹುದು. ಆ ಮನೆಗೆ ಬಂದ ಮೇಲೆ ನಿನಗೇನು ಬೇಕು ಎಂದು ನನ್ನನ್ನು ಕೇಳಿದ ಮೊದಲ ಮನುಷ್ಯ ಅವನು. ನಾನು ಮೂಲೆಗೆ ಹೋಗಿ ಬಾಲ ಹಿಡಿದುಕೊಂಡು ಕಣ್ಣೀರು ಹಾಕಿದೆ.

ಮರುದಿನ ಬೆಳಿಗ್ಗೆ ಓಣಿಗೆ ಓಣಿಯೇ ತಂತಮ್ಮ ತಲೆ, ಮೀಸೆ, ಟೋಪಿ ಹಿಡಿದು ಗುಡಾರಕ್ಕೆ ಹೋಯಿತು. ಸೋಂಗಪ್ಪ ತನ್ನ ಸ್ವಂತ ಮುಖದಲ್ಲಿ, ಬರಿಯ ಪೆಟ್ಟಿಗೆಯ ಮುಂದೆ ಕೂತಿದ್ದ. ಒಲೆ ಹತ್ತಿರಲಿಲ್ಲ.

“ನಾ ಕೊಟ್ಟಿಲ್ರೀ, ನನಗ ಯಾಕ ತಿರುಗಿ ಕೊಡ್ತೀರಿ? ಅಂವಾ ಕೊಟ್ಟಾನ, ಅಂವನ್ನ ಕೇಳ್ರಿ.”

“ಅಂವಾ ಎಲ್ಲಿ ಅದಾನ?”

“ಮುಂದಿನ ವರ್ಷ ಬರ್ತಾನಂತ.”

ಜೋಳವನ್ನಾದರೂ ತೆಗೆದುಕೋ ಎಂದರೆ, ಬೇಡುವ ದಿನ ನಿನ್ನೆಗೇ ಮುಗಿಯಿತು ಎಂದ. ತಿಪ್ಪವ್ವ ಹಣೆ ಚಚ್ಚಿಕೊಂಡಳು. ಅತ್ತೆ ಏನೂ ಮಾತಾಡದೆ ಮನೆಗೆ ಹೊರಟರು. ಅವರು ಮಾತಾಡದಿದ್ದರೆ ಹೆದರಬೇಕು ಎಂಬುದು ನನಗೆ ಅಷ್ಟರಲ್ಲಿ ತಿಳಿದಿತ್ತು.

ಸ್ವಲ್ಪ ಹೊತ್ತಿನಲ್ಲಿ ಓಣಿಯ ಆ ತುದಿಯಿಂದ ಅತ್ತೆ ಬಂದರು. ಮೈಗೆ ಹಿಂದಿನ ರಾತ್ರಿ ತಿರುಗಿ ಬಂದಿದ್ದ ಕೆಂಪು ಸೀರೆ. ಬಾಯಿಗೆ ಅರಳೆಯ ಗಡ್ಡ. ಬೆನ್ನ ಮೇಲೆ ಓಣಿಯ ಜೋಳವೆಲ್ಲ ತುಂಬಿದ ಚೀಲ. ಯಾರೂ ನಗಲಿಲ್ಲ, ಧೈರ್ಯವಿರಲಿಲ್ಲ. ಸೋಂಗಪ್ಪನ ಮುಂದೆ ಚೀಲ ಇಳಿಸಿ, “ನಾ ಕೊಡವ. ತೊಗೊ,” ಎಂದರು.

ಅವನು ಎದ್ದು ನಿಂತ. ಅತ್ತೆಯ ಸುತ್ತ ಒಂದು ಸುತ್ತು ಬಂದು, ಕಸುಬುದಾರನ ಕಣ್ಣಿನಿಂದ ಮೇಲೆ ಕೆಳಗೆ ನೋಡಿದ. “ಬಾಲ ಎಲ್ರೀ?” ಎಂದ.

ಅತ್ತೆ ನನ್ನ ಕಡೆ ತಿರುಗಿದರು. ನಾನು ಮನೆಗೆ ಓಡಿ ಬಾಲ ತಂದೆ. ನಮ್ಮತ್ತೆಯ ಸೊಂಟಕ್ಕೆ ಬಾಲ ಕಟ್ಟಿದೆ. ಲೋಕದಲ್ಲಿ ಇಂಥ ಯೋಗ ಎಷ್ಟು ಸೊಸೆಯರಿಗೆ ಬಂದೀತು ಹೇಳಿ. ಗೆಜ್ಜೆ ಒಮ್ಮೆ ಸದ್ದು ಮಾಡಿತು. ಸೋಂಗಪ್ಪ ಎರಡೂ ಕೈ ಚಾಚಿದ. ಜೋಳ ತೆಗೆದುಕೊಂಡ. ಅತ್ತೆ ಎತ್ತಿಕೊಟ್ಟ ಒಂದೊಂದು ತಲೆಯನ್ನೂ, ಮೀಸೆಯನ್ನೂ ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕಿದ. ತಿಪ್ಪವ್ವ ಒಲೆ ಹತ್ತಿಸಿದಳು.

ಕಡೆಗೆ ಅತ್ತೆ ಬಾಲಕ್ಕೆ ಕೈ ಹಾಕಿದಾಗ ಅವನು ತಡೆದ. “ಅದು ಬ್ಯಾಡ್ರೀ. ಅದು ಕೊಡವರ ಮನ್ಯಾಗ ಇರ್ಲಿ.”

ಮುಂದೆ ಕೆಲವು ವರ್ಷ ಬಂದ, ಹನುಮಂತನಿಗೆ ಹೊಸ ಬಾಲ ಮಾಡಿಕೊಂಡಿದ್ದ. ಆಮೇಲೆ ಬರಲಿಲ್ಲ. ಅತ್ತೆ ಆ ಬಾಲವನ್ನು ತಮ್ಮ ಧಾರೆ ಸೀರೆಯ ಕೆಳಗೆ ಇಟ್ಟರು, ಅವರ ನಂತರ ನಾನು ಇಟ್ಟೆ. ಯಾರಿಗೂ ಮುಟ್ಟಗೊಡಲಿಲ್ಲ.

ಇಷ್ಟು ಕೇಳಿದ ಮೊಮ್ಮಗಳು ಬಾಲವಿಲ್ಲದೆ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದಳು. ಸೊಸೆ ಚೀಲಕ್ಕೆ ಹಳೆಯ ಪೇಪರು ತುರುಕಿದಳು, ಫೋಟೋದಲ್ಲಿ ಉಬ್ಬಿ ಕಾಣಬೇಕಲ್ಲ. ನಾನು ಬಾಲ ಕಟ್ಟಿ, “ಜ್ವಾಕಿ, ಕಳದೀ ಮತ್ತ,” ಎಂದು ಹತ್ತು ಸಲ ಹೇಳಿ ಕಳಿಸಿದೆ.

ಸಂಜೆ ಅವಳು ಬಂದಳು. ಅಂಗಿ ಇತ್ತು, ಗಡ್ಡ ಇತ್ತು, ಪೇಪರಿನ ಚೀಲ ಇತ್ತು. ಬಾಲ ಇರಲಿಲ್ಲ.

“ಶಾಲಿ ಕಸಾ ಹೊಡಿಯೂ ಮಾವಶಿಗೆ ಕೊಟ್ಟೆ,” ಎಂದಳು.

“ಅಕಿ ಕೇಳಿದ್ಲೇನು?”

“ಇಲ್ಲ. ನಿನಗೇನ ಬೇಕ ಅಂದೆ. ಏನೂ ಬ್ಯಾಡ ಅಂದ್ಲು. ಅದಕ್ಕ ಕೊಟ್ಟೆ.”

ಸೊಸೆಗೆ ಸಿಟ್ಟು ಬಂತು. “ಅಕಿ ಬಾಲಾ ತೊಗೊಂಡು ಏನ ಮಾಡ್ತಾಳ?” ಎಂದಳು.

“ಇಷ್ಟು ವರ್ಷ ಟ್ರಂಕಿನ್ಯಾಗ ಇಟಗೊಂಡು ನಾ ಏನ ಮಾಡೀನಿ?” ಎಂದೆ. ಮೊಮ್ಮಗಳ ಗಡ್ಡ ಬಿಚ್ಚಿ, ಮುಖ ತೊಳೆಸಿ, ಅವಳಿಗೆ ಊಟಕ್ಕೆ ಬಡಿಸಲು ಎದ್ದೆ.